ಹೊಸ ವೇಪ್ ಬರೋವರೆಗೂ ಕಾಯ್ಲಾ ಡಾಕ್ಟ್ರೇ?

ವೇಪ್ ಅಂದ್ರೆ ಲಿಕ್ವಿಡ್ ಬಿಸಿ ಮಾಡಿ ಆವಿ ಸೇದೋ ಇ-ಸಿಗರೇಟ್. ಇಂಗ್ಲೆಂಡಲ್ಲಿರೋ ನಮ್ ಹುಡುಗರಿಂದ ಇದೇ ಪ್ರಶ್ನೆ ಪದೇ ಪದೇ ಬರ್ತಿದೆ, ಹಾಗಾಗಿ ಈ ವಾರ ಇದಕ್ಕೇ ಜಾಸ್ತಿ ಜಾಗ.

ಪ್ರಶ್ನೆ: ಲೆಸ್ಟರ್‌ನಲ್ಲಿದೀನಿ, ದಿನಕ್ಕೆ ಹದಿನೈದು ಸಿಗರೇಟ್. ವೇಪ್‌ಗೆ ಹೋಗ್ಬೇಕು ಅಂತಿದೀನಿ. ಈಗಿರೋ ಪಾಡ್ ಕಿಟ್ (ಲಿಕ್ವಿಡ್ ಇರೋ ಪುಟ್ಟ ಪಾಡ್ ಹಾಕೋ ವೇಪ್) ತಗೊಳ್ಲಾ, ಮುಂದಿನ ಮಾಡೆಲ್‌ಗೆ ಕಾಯ್ಲಾ?

ಉತ್ತರ: ಕಾಯೋ ಅಷ್ಟು ದಿನ ಏನ್ ಸೇದ್ತೀರಿ? ಸಿಗರೇಟೇ ತಾನೆ! ನಿಮ್ಮ ಎದೆ ಹಾಳು ಮಾಡ್ತಿರೋದು ತಂಬಾಕು ಉರಿದಾಗ ಬರೋ ಟಾರು, ಕಾರ್ಬನ್ ಮೊನಾಕ್ಸೈಡು, ಅದು ಇವತ್ತೇ ನಿಲ್ಲಬೇಕು. ಹೊಸ ಮಾಡೆಲ್‌ನಲ್ಲಿ ಸ್ಕ್ರೀನ್ ದೊಡ್ಡದಾಗಬಹುದು, ಚಾರ್ಜ್ ಬೇಗ ಆಗಬಹುದು, ಒಳಗೆ ನಡೆಯೋದು ಮಾತ್ರ ಅದೇ, ಬ್ಯಾಟರಿಯು ಕಾಯಿಲ್ ಅನ್ನೋ ತಂತಿ ಸುರುಳಿನ ಬಿಸಿ ಮಾಡುತ್ತೆ, ಹತ್ತಿ ಹೀರಿಕೊಂಡಿರೋ ಲಿಕ್ವಿಡ್ ಆವಿ ಆಗುತ್ತೆ. ಅಲ್ಲಿನ ಕಾನೂನಲ್ಲಿ ನಿಕೋಟಿನ್ ಮಿ.ಲೀ.ಗೆ 20 ಮಿ.ಗ್ರಾಂ ಮೀರೋ ಹಾಗಿಲ್ಲ, ಟ್ಯಾಂಕ್ 2 ಮಿ.ಲೀ. ದಾಟೋ ಹಾಗಿಲ್ಲ, ಅಪ್‌ಗ್ರೇಡ್ ಬಂದ್ರೂ ಇಷ್ಟರೊಳಗೇ ಬರ್ಬೇಕು. ರೇಟಿನ ಲೆಕ್ಕದಲ್ಲೂ ಕಾದು ಲಾಭ ಇಲ್ಲ, 2026ರ ಅಕ್ಟೋಬರ್ 1ರಿಂದ 10 ಮಿ.ಲೀ. ಲಿಕ್ವಿಡ್‌ಗೆ 2.20 ಪೌಂಡ್ ಹೊಸ ತೆರಿಗೆ.

ನೀವು ತಲೆ ಕೆಡಿಸ್ಕೋಬೇಕಾಗಿರೋದು ನಿಕೋಟಿನ್ ಪ್ರಮಾಣದ ಬಗ್ಗೆ. ಹದಿನೈದು ಸೇದೋರು ಭಯಪಟ್ಟು ತೀರಾ ಕಮ್ಮಿದು ತಗೋತಾರೆ, ಚಟ ತಡಿಯಲ್ಲ, ಸಂಜೆಗೆ ಮತ್ತೆ ಸಿಗರೇಟು. ಎರಡೂ ಜೊತೆಗೆ ನಡೆಸಿದ್ರೆ ಪೂರ್ತಿ ಲಾಭ ಸಿಗಲ್ಲ, ಪೂರ್ತಿ ಬದಲಾಗಿ. ಸಾದಾ ರೀಫಿಲ್ ಪಾಡ್ ಸಾಕು, ಸುಟ್ಟ ರುಚಿ ಬಂದ್ರೆ ಕಾಯಿಲ್ ಬದಲಿಸಿ. ದುಡ್ಡು ಕೊಡೋಕ್ ಮುಂಚೆ ಅಲ್ಲಿ ನೀವಿರೋ ಊರಿನ ಸ್ಟಾಪ್ ಸ್ಮೋಕಿಂಗ್ ಸರ್ವಿಸ್‌ನಲ್ಲಿ (ಸಿಗರೇಟ್ ಬಿಡೋಕೆ ಸಹಾಯ ಮಾಡೋ ಸೇವೆ) ಕೇಳಿ, ಸುಮಾರು ಕಡೆ ಸ್ಟಾರ್ಟರ್ ಕಿಟ್ ಫ್ರೀಯಾಗೇ ಕೊಡ್ತಾರೆ. ಸೇದಿ ಬಿಸಾಡೋ ವೇಪ್ ಅಲ್ಲಿ 2025ರ ಜೂನ್ 1ರಿಂದ ನಿಷೇಧ, ಈಗಲೂ ಅದನ್ನ ಮಾರೋ ಅಂಗಡೀಲಿ ಬೇರೇನೂ ತಗೋಬೇಡಿ. ವೇಪ್ ನಿರಪಾಯ ಅಂತ ನಾನು ಹೇಳ್ತಿಲ್ಲ, ಸಿಗರೇಟ್ ಬಿಟ್ಟು ಗಟ್ಟಿಯಾದ್ಮೇಲೆ ಇದನ್ನೂ ಇಳಿಸ್ತಾ ಬಂದು ಬಿಡ್ಬೇಕು.

ಇನ್ನೊಂದು, ಊರಿಗೆ ಬರುವಾಗ ಸೂಟ್‌ಕೇಸಲ್ಲಿ ವೇಪ್ ಹಾಕ್ಕೊಂಡು ಬರ್ಬೇಡಿ ಮಾರಾಯ್ರೇ. ಭಾರತದಲ್ಲಿ 2019ರ ಇ-ಸಿಗರೇಟ್ ನಿಷೇಧ ಕಾಯ್ದೆ ಪ್ರಕಾರ ಆಮದೇ ಅಪರಾಧ, ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ಪ್ರಶ್ನೆ: ಬೆಂಗಳೂರಲ್ಲಿ ಯಾವ ಮಾಡೆಲ್ ಬೆಸ್ಟ್?
ಉತ್ತರ: ಯಾವ್ದೂ ಇಲ್ಲ. ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಆಯ್ತು. ಕದ್ದು ಮಾರೋ ಮಾಲಲ್ಲಿ ಏನು ತುಂಬಿದಾರೆ ಅಂತ ಮಾರೋನಿಗೂ ಗೊತ್ತಿರಲ್ಲ.

ಪ್ರಶ್ನೆ: ನಿಕೋಟಿನ್ ಇಲ್ದಿರೋ ಹರ್ಬಲ್ ವೇಪ್?
ಉತ್ತರ: ಕಾನೂನಿನ ಕಣ್ಣಲ್ಲಿ ಅದೂ ಇ-ಸಿಗರೇಟೇ.

ಪ್ರಶ್ನೆ: ಸಿಗರೇಟ್ ಅಭ್ಯಾಸ ಇಲ್ಲ, ಸುಮ್ನೆ ಟ್ರೈ ಮಾಡ್ಬಹುದಾ?
ಉತ್ತರ: ಬೇಡ.

ಪ್ರಶ್ನೆ: ಶ್ವಾಸಕೋಶ ಕ್ಲೀನ್ ಮಾಡೋ ಕಷಾಯ ಬಂದಿದೆಯಂತೆ?
ಉತ್ತರ: ಕಷಾಯ ಹೋಗೋದು ಹೊಟ್ಟೆಗೆ! ಅದನ್ನ ಮಾರೋರು ಮೋಸಗಾರರು. ಆ ದುಡ್ಡಲ್ಲಿ ನಿಕೋಟಿನ್ ಗಮ್ ತಗೊಳ್ಳಿ, 1800-112-356ಕ್ಕೆ ಫೋನ್ ಮಾಡಿ, ಸಿಗರೇಟ್ ಬಿಡೋಕೆ ಸರ್ಕಾರದ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡ್ತಾರೆ.