ದಾರಿ ತಪ್ಪಿದವರಿಗೆ ಯಾಕೆ ಕೀರ್ತಿ?

ಓದುಗರ ಪತ್ರ: ದೊಡ್ಡ ಪಡೆಗಿಂತ ಮೊದಲೇ ಪ್ಯಾರಾಚೂಟಿನಲ್ಲಿ ಹಾರಿ, ಇಳಿಯುವ ಜಾಗ ಗುರುತಿಸಿಕೊಡುವ ಪಾತ್‌ಫೈಂಡರ್ ಸೈನಿಕರ ಬಗ್ಗೆ ನಿಮ್ಮ ಲೇಖನ ಅತಿಯಾಯಿತು. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಅವರೇ ದಾರಿ ತಪ್ಪಿದ್ದರಲ್ಲ?

ಸಂಪಾದಕರ ಉತ್ತರ: ತಪ್ಪಿದ್ದರು, ಸ್ವಾಮಿ. 1944ರ ಜೂನ್ 6ರ ನಡುರಾತ್ರಿ ಕಳೆದ ಮೇಲೆ ಹಾರಿದ ಅಮೆರಿಕನ್ ತಂಡಗಳಲ್ಲಿ ಹೆಚ್ಚಿನವು ಗುರಿ ಬಿಟ್ಟು ಬೇರೆಡೆ ಇಳಿದವು. ಇಷ್ಟು ಒಪ್ಪಿಕೊಂಡು ಈಗ ಜಗಳಕ್ಕೆ ಬರುತ್ತೇನೆ.

ಎಲ್ಲಿ ಹಾರಬೇಕೆಂದು ಆರಿಸಿಕೊಂಡವರು ಅವರಲ್ಲ. ಮೋಡದೊಳಗೆ ನುಗ್ಗಿದ ವಿಮಾನದಲ್ಲಿ ಹಸಿರು ದೀಪ ಹತ್ತಿದೊಡನೆ ಹಾರಿದರು, ಅಷ್ಟೆ. ಕೆಳಗೆ ಶತ್ರುವಿನ ನೆಲ, ಮೈಮೇಲೆ ದೀಪಗಳ ಹೊರೆ ಮತ್ತು ಯುರೇಕಾ ಎಂಬ ರೇಡಿಯೋ ಯಂತ್ರ. ಹಿಂದೆ ಬರುವ ವಿಮಾನದ ರೆಬೆಕಾ ಯಂತ್ರ ಕೂಗಿದರೆ ಯುರೇಕಾ ಓಗೊಡಬೇಕು. ಬಯಲಲ್ಲಿ ದೀಪಗಳನ್ನು ಇಂಗ್ಲಿಷಿನ ‘ಟಿ’ ಆಕಾರದಲ್ಲಿ ಇಡಬೇಕು. ಬೆಳಕು ಕಂಡು ವಿಮಾನವೂ ಬರಬಹುದು, ಗುಂಡೂ ಬರಬಹುದು. ನಾರ್ಮಂಡಿಯ ಸೇಂಟ್-ಮೇರ್-ಎಗ್ಲಿಸ್ ಊರಿನ ಬಳಿ ಸರಿಯಾದ ಜಾಗದಲ್ಲಿ ಇಳಿದ ತಂಡ ದೀಪ ಹಚ್ಚಿತು. ಹಿಂದೆ ಬಂದ ಅಮೆರಿಕನ್ ಪ್ಯಾರಾಚೂಟ್ ಪಡೆ, 505ನೇ ರೆಜಿಮೆಂಟ್, ಉಳಿದವರಿಗಿಂತ ಎಷ್ಟೋ ಒಟ್ಟಾಗಿ ಇಳಿಯಿತು. ನಿಮ್ಮ ಪತ್ರದಲ್ಲಿ ಇದರ ಸುದ್ದಿಯೇ ಇಲ್ಲ.

ಅದೇ ವರ್ಷದ ಡಿಸೆಂಬರ್ 23ರಂದು ಬೆಲ್ಜಿಯಂನ ಬಾಸ್ಟೋನ್‌ನಲ್ಲಿ ನಡೆದದ್ದು ಕೂಡ ಇಲ್ಲ. ಜರ್ಮನ್ನರು ಸುತ್ತುಗಟ್ಟಿದ ಊರು, ಒಳಗಿನ ಅಮೆರಿಕನ್ ಸೈನಿಕರ ಗುಂಡು–ಮದ್ದು ಮುಗಿಯುತ್ತಿದೆ. ಆ ಸುತ್ತಿನೊಳಕ್ಕೇ ಪಾತ್‌ಫೈಂಡರ್‌ಗಳು ಹಾರಿ ಯುರೇಕಾ ಹೂಡಿದರು. ಅಂದೇ 200ಕ್ಕೂ ಹೆಚ್ಚು ವಿಮಾನಗಳು ಬಂದು ಸಾಮಾನು ಇಳಿಸಿದವು. ಅವರಲ್ಲಿ ಜೇಕ್ ಮೆಕ್‌ನೀಸ್ ಎಂಬ ಪುಂಡನೂ ಇದ್ದ. ಇನ್ನು ಯುದ್ಧಕ್ಕೆ ಹಾರುವ ಪ್ರಸಂಗ ಬಾರದು ಎಂಬ ಲೆಕ್ಕದಲ್ಲೇ ಈ ಕೆಲಸಕ್ಕೆ ಹೆಸರು ಕೊಟ್ಟಿದ್ದನಂತೆ! ನನಗಂತೂ ಇಂಥವನು ಪ್ರತಿಮೆಯಾದ ವೀರನಿಗಿಂತ ಹತ್ತಿರ.

ನೆದರ್ಲೆಂಡ್ಸ್‌ನ ಆರ್ನ್‌ಹೆಮ್‌ನಲ್ಲಿ ಮೊದಲು ಇಳಿದದ್ದು, ಇದೇ ದಾರಿ ತೋರುವ ಕೆಲಸದ ಬ್ರಿಟಿಷರ 21ನೇ ಇಂಡಿಪೆಂಡೆಂಟ್ ಪ್ಯಾರಾಚೂಟ್ ಕಂಪನಿ. ಅದರ ಮೇಜರ್ ವಿಲ್ಸನ್‌ಗೆ ಆಗಲೇ ನಲವತ್ತು ದಾಟಿತ್ತು. ಜರ್ಮನಿ, ಆಸ್ಟ್ರಿಯಾಗಳಿಂದ ತಪ್ಪಿಸಿಕೊಂಡು ಬಂದ ಯಹೂದಿ ಹುಡುಗರೂ ಆ ಕಂಪನಿಯಲ್ಲಿದ್ದರು, ಇಂಗ್ಲಿಷ್ ಹೆಸರಿಟ್ಟುಕೊಂಡು. ಸೆರೆಸಿಕ್ಕರೆ ಅವರ ಗತಿ ಏನೆಂದು ನಾನು ಬಿಡಿಸಿ ಹೇಳಬೇಕೆ? ಆ ಕಾರ್ಯಾಚರಣೆ ಸೋತಿತು. ನಿಮ್ಮ ತಕ್ಕಡಿಯಲ್ಲಿ ಇವರೂ ಸೊನ್ನೆಯೇ ಇರಬೇಕು.

ನನ್ನ ಸಿಟ್ಟು ನಿಮ್ಮೊಬ್ಬರ ಮೇಲಲ್ಲ. ಯೋಜನೆ ಗೆದ್ದರೆ ಜನರಲ್‌ನ ಜಾಣ್ಮೆ, ಕೆಟ್ಟರೆ ದೀಪ ಹಿಡಿದವನ ತಪ್ಪು: ಇತಿಹಾಸದ ಪುಸ್ತಕಗಳು ನಮಗೆ ಕಲಿಸಿದ್ದೇ ಇದು. ಪತ್ರಿಕೆಯವರೂ ಕಡಿಮೆಯಿಲ್ಲ. ಹಳೆಯ ಸೈನಿಕ ಸಿಕ್ಕರೆ ‘ಹೆದರಿಕೆಯಾಯಿತೇ, ಎಷ್ಟು ಜನರನ್ನು ಕೊಂದಿರಿ’ ಎನ್ನುತ್ತೇವೆ. ಕತ್ತಲಲ್ಲಿ ಅಪರಿಚಿತ ಹೊಲವನ್ನು ಹೇಗೆ ಗುರುತಿಸಿದಿರಿ ಎಂದು ಕೇಳುವವರಿಲ್ಲ. ಈಗ ಕೇಳೋಣವೆಂದರೆ ಉತ್ತರ ಹೇಳಬಲ್ಲವರು ಎಷ್ಟು ಮಂದಿ ಉಳಿದಿದ್ದಾರೆ?

ಅಂದಹಾಗೆ, ಜನರಲ್‌ಗಳ ಮೇಲೆ ಒಂದು ವಿಶೇಷ ಸಂಚಿಕೆ ತನ್ನಿ ಎಂದೂ ಬರೆದಿದ್ದೀರಿ. ನಾನು ಈ ಕುರ್ಚಿಯಲ್ಲಿರುವವರೆಗೆ ಆಗದು.