ನನ್ನ 1977ರ ಹಳೇ ಅಂಬಾಸಿಡರ್ ಕಾರಿಗೆ ಬೆಂಕಿ ಆರಿಸೋ ಸಿಲಿಂಡರ್ 1 ಕೆಜಿದು ಸಾಕಾ, 2 ಕೆಜಿದು ಬೇಕಾ? ಮುಂದೆ ಇಟ್ಟರೆ ಲುಕ್ ಹಾಳಾಗುತ್ತೆ, ಡಿಕ್ಕಿಯಲ್ಲಿ ಇಟ್ಟರೆ ನಡೆಯುತ್ತಾ?

ನನ್ನ ಹತ್ತಿರ ಸಿಲಿಂಡರ್ ಇತ್ತು. ಡಿಕ್ಕಿಯಲ್ಲಲ್ಲ, ಮುಂದಿನ ಸೀಟಿನ ಕೆಳಗೇ ಇತ್ತು. ಒತ್ತಡ ತೋರಿಸೋ ಮುಳ್ಳು ಹಸಿರಲ್ಲೇ ಇತ್ತು. ಆದರೂ ಗಾಡಿಯ ಮುಂಭಾಗ ಸುಟ್ಟುಹೋಯಿತು. ಹಾಗಾಗಿ ಕೆಜಿ ಲೆಕ್ಕ ಆಮೇಲೆ ನೋಡೋಣ, ಮೊದಲು ಇದನ್ನು ಓದಿ.

ನಿಮ್ಮದು 1977ರ ಗಾಡಿ ಅಂದಿದ್ದೀರಿ. ನನ್ನದು 1978ರ ಮಾರ್ಕ್ 3, ಅಪ್ಪ ಕೊಂಡಿದ್ದು. ಏಪ್ರಿಲ್ ತಿಂಗಳು, ಧರ್ಮಸ್ಥಳದಿಂದ ವಾಪಸ್ ಬರುತ್ತಿದ್ದೆವು. ಹಿಂದೆ ನನ್ನ ಹೆಂಡತಿ, ಅತ್ತೆ. ಪಕ್ಕದಲ್ಲಿ ಮಗ. ಉಜಿರೆ ಬಿಟ್ಟು ಚಾರ್ಮಾಡಿ ಘಾಟಿ ಹತ್ತುವಾಗ ಮುಂದೊಂದು ಲಾರಿ. ಎರಡನೇ ಗೇರ್‌ನಲ್ಲೇ ಅರ್ಧ ಗಂಟೆ ಎಳೆದಿದ್ದೇನೆ. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಹೆಂಡತಿ ಅಂದಳು, "ರೀ, ಪೆಟ್ರೋಲ್ ವಾಸನೆ ಬರ್ತಿದೆ." ನಾನು, "ಹಳೇ ಗಾಡಿ ಅಂದ್ಮೇಲೆ ವಾಸನೆ ಇರಲ್ವಾ, ಸುಮ್ನಿರು" ಅಂದೆ. ಗುಡಿಗೆ ಕಾಸು ಹಾಕಿ ಮುಂದೆ ಹೊರಟೆ. ಎರಡು ತಿರುವು ದಾಟಿರಬಹುದು, ಬಾನೆಟ್ ಸಂದಿಯಿಂದ ತೆಳ್ಳಗೆ ಹೊಗೆ.

ಇಲ್ಲಿಂದ ನಾನು ಮಾಡಿದ ಮೊದಲ ಮೂರು ಕೆಲಸ ಸರಿಯಾಗಿಯೇ ಇದ್ದವು. ಪಕ್ಕಕ್ಕೆ ನಿಲ್ಲಿಸಿದೆ. ಕೀ ಆಫ್ ಮಾಡಿದೆ. ಎಲ್ಲರನ್ನೂ ಇಳಿಸಿ ದೂರ ಕಳಿಸಿದೆ. ಸೀಟಿನ ಕೆಳಗಿಂದ ಸಿಲಿಂಡರ್ ತೆಗೆದು ಪಿನ್ ಕೂಡ ಕಿತ್ತೆ.

ಆಮೇಲೆ ಬಾನೆಟ್ ಎತ್ತಿದೆ. ಪೂರ್ತಿ.

ಯಾಕೆ ಎತ್ತಿದೆ ಅಂತ ನೂರು ಸಲ ಯೋಚನೆ ಮಾಡಿದ್ದೇನೆ. ನಲವತ್ತು ವರ್ಷದ ಅಭ್ಯಾಸ ಅದು. ಗಾಡಿ ನಿಂತಿತು ಅಂದರೆ ಕೈ ತಾನಾಗಿ ಬಾನೆಟ್‌ಗೆ ಹೋಗುತ್ತೆ. ಎಲ್ಲಿ ಉರೀತಿದೆ ಅಂತ ಕಣ್ಣಿಗೆ ಕಾಣದೆ ಸಿಲಿಂಡರಿನ ಪುಡಿ ಎಲ್ಲಿಗೆ ಹೊಡೆಯೋದು ಅನ್ನೋದು ನನ್ನ ತರ್ಕ. ಕೇಳೋದಕ್ಕೆ ಸರಿ ಅನಿಸುತ್ತೆ ಅಲ್ವಾ? ಆದರೆ ಮುಚ್ಚಿದ ಬಾನೆಟ್ ಒಳಗೆ ಬೆಂಕಿಗೆ ಗಾಳಿ ಕಮ್ಮಿ. ಅದು ಉಸಿರು ಕಟ್ಟಿಕೊಂಡು ಉರೀತಿರುತ್ತೆ, ಅದಕ್ಕೇ ಹೊಗೆ ಜಾಸ್ತಿ, ಜ್ವಾಲೆ ಕಮ್ಮಿ. ನಾನು ಮುಚ್ಚಳ ತೆಗೆದು ಘಾಟಿ ಗಾಳಿಯನ್ನೆಲ್ಲ ಒಳಗೆ ಬಿಟ್ಟೆ. ಒಲೆಗೆ ಊದುಗೊಳವೆ ಇಟ್ಟು ಊದಿದ ಹಾಗಾಯಿತು. ಭಗ್ ಅಂತ ಮುಖಕ್ಕೇ ಬಂತು. ಹುಬ್ಬು ಸುಟ್ಟಿತು, ಬಲಗೈ ಕೂದಲು ಸುಟ್ಟಿತು. ಹೆದರಿ ಏಳೆಂಟು ಅಡಿ ಹಿಂದೆ ಹಾರಿದೆ. ಅಲ್ಲಿಂದಲೇ ಸಿಲಿಂಡರ್ ಒತ್ತಿದೆ. 1 ಕೆಜಿ ಸಿಲಿಂಡರ್ ಎಷ್ಟು ಹೊತ್ತು ಬರುತ್ತೆ ಗೊತ್ತಾ? 8-10 ಸೆಕೆಂಡ್, ಅಷ್ಟೇ. ಅದರಲ್ಲಿ ಅರ್ಧ ಪುಡಿ ಗಾಳಿಗೆ ಕಣಿವೆ ಕಡೆ ಹೋಯಿತು. ಇನ್ನರ್ಧ ವಿಂಡ್‌ಶೀಲ್ಡ್ ಮೇಲೆ ಬಿಳಿ ಬಳಿದ ಹಾಗೆ ಕೂತಿತು. ಬೆಂಕಿ ಇದ್ದಲ್ಲೇ ಇತ್ತು.

ಆರಿಸಿದ್ದು ಹಿಂದೆ ಬಂದ ಬಸ್ಸಿನ ಡ್ರೈವರ್. ತಮ್ಮ ದೊಡ್ಡ ಸಿಲಿಂಡರ್ ತಂದು, ಬಗ್ಗಿ, ಬುಡಕ್ಕೆ ಎಡಕ್ಕೂ ಬಲಕ್ಕೂ ಗುಡಿಸಿದ ಹಾಗೆ ಹೊಡೆದರು. ಆರಿದ ಮೇಲೆ ಒಂದೇ ಮಾತು, "ಬಾನೆಟ್ ಯಾಕ್ ಎತ್ತಿದ್ರಿ ಸಾರ್?"

ಕಾರಣ ಏನು ಅಂತ ಗ್ಯಾರೇಜಿನಲ್ಲಿ ಗೊತ್ತಾಯಿತು. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ನೀವು ನೋಡಿದ್ದೀರಲ್ಲ, ಪೆಟ್ರೋಲ್‌ಗೆ ಗಾಳಿ ಬೆರೆಸೋ ಕಾರ್ಬ್ಯುರೇಟರ್ ಮತ್ತು ಹೊಗೆ ಹೊರಗೆ ಬಿಡೋ ಎಕ್ಸಾಸ್ಟ್ ಎರಡೂ ಒಂದೇ ಪಕ್ಕ. ಮೇಲೆ ಪೆಟ್ರೋಲ್, ಕೆಳಗೆ ಕಾದ ಮ್ಯಾನಿಫೋಲ್ಡ್, ಅಂದರೆ ಎಕ್ಸಾಸ್ಟಿನ ಕಬ್ಬಿಣದ ಕೊಳವೆ. ಪಂಪಿನಿಂದ ಕಾರ್ಬ್ಯುರೇಟರ್‌ಗೆ ಹೋಗೋ ರಬ್ಬರ್ ಪೈಪ್ ಒಂದು ಗೇಣು ಉದ್ದ ಇರಬಹುದು. ಅದು ಕ್ಲಿಪ್ ಹತ್ತಿರ ಸೀಳಿತ್ತು. ಹನಿ ಬಿದ್ದರೆ ನೇರ ಮ್ಯಾನಿಫೋಲ್ಡ್ ಮೇಲೆ. ಅದು ಪೆಟ್ರೋಲ್ ಪೈಪೇ ಅಲ್ಲ, ಯಾವುದೋ ಮಾಮೂಲಿ ರಬ್ಬರ್ ಟ್ಯೂಬ್, ಯಾವ ಕಾಲದಲ್ಲಿ ಯಾರು ಹಾಕಿದ್ದೋ. ಇನ್ನೂರು ಮುನ್ನೂರು ರೂಪಾಯಿ ಸಾಮಾನು. ನನಗೆ ಬಿದ್ದ ಖರ್ಚು ವೈರಿಂಗ್, ಕಾರ್ಬ್ಯುರೇಟರ್, ಟಿಂಕರಿಂಗ್, ಪೇಂಟಿಂಗ್ ಎಲ್ಲಾ ಸೇರಿ 90 ಸಾವಿರ ಚಿಲ್ಲರೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಇತ್ತು, ಅದರಲ್ಲಿ ನಮ್ಮ ಗಾಡಿ ಸುಟ್ಟರೆ ನಯಾಪೈಸೆ ಬರಲ್ಲ.

ಈಗಂತೂ ಪೆಟ್ರೋಲ್‌ನಲ್ಲಿ 20% ಎಥೆನಾಲ್. ಹಳೇ ರಬ್ಬರಿಗೂ ಎಥೆನಾಲ್‌ಗೂ ಆಗಿಬರಲ್ಲ. ಊದಿಕೊಳ್ಳುತ್ತೆ, ಮೆತ್ತಗಾಗುತ್ತೆ, ಬಿರುಕು ಬಿಡುತ್ತೆ. ಹಾಗಾಗಿ ನೀವು ಸಿಲಿಂಡರ್ ಅಂಗಡಿಗೆ ಹೋಗೋ ಮುಂಚೆ ಪೈಪ್ ಬದಲಾಯಿಸಿ. ಎಸ್‌ಎಇ ಜೆ30 ಆರ್9 (SAE J30 R9, ಪೆಟ್ರೋಲ್ ಪೈಪಿನ ಗುಣಮಟ್ಟದ ಗುರುತು) ಅಂತ ಪೈಪ್ ಮೇಲೇ ಅಚ್ಚಾಗಿರೋದು ತಗೊಳ್ಳಿ. ಟ್ಯಾಂಕ್ ಕಡೆಯ ತುಂಡನ್ನೂ ಬಿಡಬೇಡಿ. ಕ್ಲಿಪ್ ಹೊಸದು ಹಾಕಿ, ತಂತಿ ಸುತ್ತೋ ಮೆಕ್ಯಾನಿಕ್ ಆದರೆ ಅಲ್ಲಿಂದ ಎದ್ದು ಬನ್ನಿ.

ನಿಮ್ಮ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. 2 ಕೆಜಿ, ಎಬಿಸಿ ಪುಡಿ (ಬಟ್ಟೆ-ಮರ, ಪೆಟ್ರೋಲ್, ಗ್ಯಾಸ್ ಮೂರೂ ಬೆಂಕಿಗೆ ಆಗೋದು), ಐಎಸ್ಐ ಗುರುತು ಇರೋದು. ಪುಡಿ ಬಿದ್ದರೆ ಅಲ್ಯುಮಿನಿಯಂ ಹಾಳಾಗುತ್ತೆ, ತೇವ ಸೇರಿದರೆ ತುಕ್ಕು ಹಿಡಿಯುತ್ತೆ, ಅದಕ್ಕೆ ಪುಡಿ ಉಳಿಸದ ದುಬಾರಿ ಕ್ಲೀನ್ ಏಜೆಂಟೋ ಸಿಒ2ವೋ (ಕಾರ್ಬನ್ ಡೈಆಕ್ಸೈಡ್ ಅನಿಲ) ತಗೊಳ್ಳಿ ಅಂತ ಕೆಲವರು ಹೇಳುತ್ತಾರೆ. ಪುಡಿ ವಿಷಯ ನಿಜವೇ, ನನ್ನ ಗಾಡಿ ತೊಳೆಯೋದಕ್ಕೆ ಎರಡು ದಿನ ಹಿಡಿಯಿತು. ಆದರೆ ಸಿಒ2 ಘಾಟಿ ಗಾಳಿಗೆ ನಿಲ್ಲಲ್ಲ, ಕಾದ ಕಬ್ಬಿಣದ ಮೇಲೆ ಬೆಂಕಿ ಮತ್ತೆ ಹತ್ತಿಕೊಳ್ಳುತ್ತೆ. ಸುಟ್ಟ ಗಾಡಿಗಿಂತ ತೊಳೆದ ಗಾಡಿ ವಾಸಿ.

ಡಿಕ್ಕಿಯಲ್ಲಿ ಇಡೋ ಮಾತೇ ಬೇಡ. ಕೀ ಇಗ್ನಿಷನ್‌ನಲ್ಲಿ, ಸಿಲಿಂಡರ್ ಸ್ಟೆಪ್ನಿ ಹಿಂದೆ, ಅದರ ಮೇಲೆ ಅತ್ತೆಯ ತೆಂಗಿನಕಾಯಿ ಚೀಲ. ಲುಕ್ ಹಾಳಾಗುತ್ತೆ ಅಂತ ಅಂದಿದ್ದೀರಿ, ನನ್ನ ಬಾನೆಟ್‌ನ ಫೋಟೋ ಕಳಿಸಲಾ? ಕಬ್ಬಿಣದ ಬ್ರಾಕೆಟ್ ಹಾಕಿಸಿ, ಡ್ರೈವರ್ ಕೂತಲ್ಲಿಂದ ಕೈಗೆ ಸಿಗಬೇಕು. ಆದರೆ ಪೆಡಲ್ ಕಡೆ ಉರುಳಬಾರದು. ತಿಂಗಳಿಗೊಮ್ಮೆ ಮುಳ್ಳು ನೋಡಿ, ತಲೆಕೆಳಗೆ ಮಾಡಿ ಅಲ್ಲಾಡಿಸಿ. ಗಾಡಿ ಕುಲುಕಾಟಕ್ಕೆ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತುಬಿಡುತ್ತೆ.

ಇನ್ನು ಬಾನೆಟ್. ಲಾಕ್ ಬಿಡಿಸಿ, ಎರಡು ಬೆರಳು ಸಂದಿ ಆದರೆ ಸಾಕು, ಅಲ್ಲಿಗೇ ನಿಲ್ಲಿಸಿ. ಆ ಸಂದಿಯಲ್ಲಿ ನಳಿಗೆ ಇಟ್ಟು ಒಳಗೆ ಖಾಲಿ ಮಾಡಿ. ಸಂದಿ ಬಿಡಿಸೋಕೆ ಆಗಲಿಲ್ಲ ಅಂದರೆ ಮುಂದಿನ ಜಾಲರಿಯಿಂದ, ಇಲ್ಲಾ ಚಕ್ರದ ಒಳಗಿಂದ ಹೊಡೆಯಿರಿ. ಬಾನೆಟ್ ಮುಟ್ಟೋಕೆ ಆಗದಷ್ಟು ಬಿಸಿ ಆಗಿದ್ದರೆ ಸಿಲಿಂಡರ್ ಬಿಸಾಕಿ ದೂರ ಹೋಗಿ 112ಕ್ಕೆ ಫೋನ್ ಮಾಡಿ. ನಾನು ಗ್ಯಾರೇಜಿನಲ್ಲಿ ಖಾಲಿ ಸಿಲಿಂಡರ್ ಹಿಡಿದು ಮಗನಿಗೂ ಹೆಂಡತಿಗೂ ಇದನ್ನು ಮಾಡಿಸಿದ್ದೇನೆ. ಮಗ ನಗ್ತಾನೆ. ಹೆಂಡತಿ ನಗಲ್ಲ. ಈಗ ಅವಳು ಮೂಸಿ ನೋಡಿ ಹೂಂ ಅಂದ ಮೇಲೇ ಗಾಡಿ ಶೆಡ್ ಬಿಡೋದು.

ಸಂಜೆ ಎಂಜಿನ್ ತಣ್ಣಗಿದ್ದಾಗ ಆ ಪೈಪ್ ಬಗ್ಗಿಸಿ ನೋಡಿ. ಬಿರುಕು ಕಂಡರೆ ಸ್ಟಾರ್ಟ್ ಮಾಡಬೇಡಿ. ಅನುಮಾನ ಇದ್ದರೆ ಫೋಟೋ ಹಾಕಿ, ನೋಡಿ ಹೇಳ್ತೀನಿ.