ತಿಥಿ ಹೇಳಿ ಬರುವವನು ಅತಿಥಿಯೇ?

ಪ್ರಶ್ನೆ: ಶಿರಸಿಯ ನನ್ನ ಸೋದರಮಾವ ಫೋನ್ ಕೂಡ ಮಾಡದೆ ರಾತ್ರಿ ಬಸ್ಸು ಹತ್ತಿ, ಬೆಳಗಿನ ಆರಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತಿದ್ದರು. ಆ್ಯಪ್‌ನಲ್ಲಿ ಹೆಸರಿಲ್ಲವೆಂದು ಕಾವಲುಗಾರ ಅವರನ್ನು ಅರ್ಧ ಗಂಟೆ ತನ್ನ ಕುರ್ಚಿಯಲ್ಲೇ ಕೂರಿಸಿದ. ಮಾವ ಮುನಿಸಿಕೊಂಡಿದ್ದಾರೆ. ತಪ್ಪು ಅವರದಲ್ಲವೇ? ‘ಅತಿಥಿ ದೇವೋ ಭವ’ ಎಂದು ಇನ್ನೆಷ್ಟು ದಿನ ಸಹಿಸುವುದು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಪ್ಪೇ, ಒಪ್ಪಿದೆ. ಇಬ್ಬರೂ ಎಂಟಕ್ಕೆ ಕೆಲಸಕ್ಕೆ ಓಡುವ ಮನೆ. ಒಂದು ಫೋನ್ ಮಾಡಬಹುದಿತ್ತು. ಮನುಸ್ಮೃತಿಯೂ ಅತಿಥಿಗೆ ಒಂದೇ ರಾತ್ರಿಯ ಲೆಕ್ಕ ಇಟ್ಟಿದೆ. ನಿಮ್ಮ ಪಾಲಿನ ನ್ಯಾಯ ಇಲ್ಲಿಗೆ ಮುಗಿಯಿತು.

ತಿಥಿ ನೋಡದೆ ಬರುವವನೇ ಅತಿಥಿ ಎಂದು ಹಳಬರು ಪದ ಬಿಡಿಸುತ್ತಿದ್ದರು. ತಿಥಿ ಗೊತ್ತು ಮಾಡಿಕೊಂಡು ಬರುವವರು ಪುರೋಹಿತರು. ನೀವು ಬೇಸರದಿಂದ ಎತ್ತಿಕೊಂಡ ಮಾತು ತೈತ್ತಿರೀಯ ಉಪನಿಷತ್ತಿನದು, ಓದು ಮುಗಿಸಿದ ಶಿಷ್ಯನಿಗೆ ಗುರು ಹೇಳಿದ್ದು. ಅದೇ ಉಪನಿಷತ್ತು ಮುಂದೆ, ನೆಲೆ ಕೇಳಿ ಬಂದ ಯಾರನ್ನೂ ಹಿಂದೆ ಕಳಿಸಬೇಡ, ಅದಕ್ಕಾಗಿ ಹೇಗಾದರೂ ಮಾಡಿ ಅನ್ನ ಕೂಡಿಸಿಟ್ಟುಕೋ ಎನ್ನುತ್ತದೆ. ನನಗೆ ಹಿಡಿಸುವುದು ಈ ಎರಡನೆಯ ಮಾತು. ದೇವರೆಂದುಬಿಡುವುದಕ್ಕೆ ಖರ್ಚಿಲ್ಲ; ದಿನವೂ ಒಂದು ಹಿಡಿ ಅಕ್ಕಿ ಹೆಚ್ಚು ಹಾಕುವುದಕ್ಕಿದೆ.

ನನ್ನ ಅಜ್ಜಿಯ ಮನೆ ಪುತ್ತೂರಿನ ಕಡೆ. ಬಂದವರಿಗೆ ಮೊದಲು ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಊರು, ಹೆಸರು, ಬಂದ ಕೆಲಸ ಕೇಳುವುದು ಆಮೇಲೆ. ಜಗಲಿ ಎಲ್ಲರಿಗೂ ಇತ್ತೆಂದು ಸುಳ್ಳು ಹೇಳಲಾರೆ. ಕೆಲವರಿಗೆ ನೀರು ಅಂಗಳದಲ್ಲೇ, ತೆಂಗಿನ ಗೆರಟೆಯಲ್ಲಿ. ಆ ಗೆರಟೆ ಹೋಯಿತೆಂದು ಬೀಗುತ್ತೇವೆ. ನಿಮ್ಮ ಕಟ್ಟಡದಲ್ಲಿ ಊಟ ತಂದುಕೊಡುವ ಹುಡುಗನಿಗೆ ಬೇರೆ ಲಿಫ್ಟ್ ಇದೆಯೇ, ನೋಡಿ ಬರೆಯಿರಿ. ಏಪ್ರಿಲ್ ಬಿಸಿಲಿನಲ್ಲಿ ಅವನಿಗೆ ನೀರು ಬೇಕೇ ಎಂದು ಎಷ್ಟು ಬಾಗಿಲುಗಳು ಕೇಳುತ್ತವೆ, ಅದನ್ನೂ.

ಪದವೇ ಕೆಟ್ಟುಹೋಗಿದೆ. ‘ಆತಿಥ್ಯೋದ್ಯಮ’ ಎಂದರೆ ಈಗ ಹೋಟೆಲು. ಬಿಲ್ಲಿನಲ್ಲಿ ಸೇವಾ ಶುಲ್ಕ ಬೇರೆ. ಸರ್ಕಾರಿ ಕಾಲೇಜುಗಳಲ್ಲಿ ವರ್ಷಗಟ್ಟಲೆ ಪಾಠ ಹೇಳುವವರಿಗೆ ‘ಅತಿಥಿ ಉಪನ್ಯಾಸಕ’ ಎಂಬ ಹೆಸರು. 2023ರ ಕೊನೆಯಲ್ಲಿ ಅವರು ತರಗತಿ ಬಿಟ್ಟು ಸೇವಾ ಭದ್ರತೆಗಾಗಿ ಧರಣಿ ಕುಳಿತರು. ಹತ್ತು ಹದಿನೈದು ವರ್ಷ ಉಳಿಸಿಕೊಂಡೂ ಅತಿಥಿಯೆಂದೇ ಕರೆಯುವ ಮನೆಯನ್ನು ಒಂದು ರಾತ್ರಿಯ ಲೆಕ್ಕ ಹಾಕಿದ ಮನುವೂ ಕಂಡಿರಲಾರ.

ಮಾವನಿಗೆ ಇವತ್ತೇ ಫೋನ್ ಮಾಡಿ. ಅಂದಹಾಗೆ, ಕುರ್ಚಿ ಬಿಟ್ಟುಕೊಟ್ಟ ಆ ಕಾವಲುಗಾರ ಅರ್ಧ ಗಂಟೆಯೂ ನಿಂತೇ ಇದ್ದನೇ? ನಿಮ್ಮ ಪತ್ರದಲ್ಲಿ ಅದಿಲ್ಲ.